ಪುಳಿಯೋಗರೆ ಗೊಜ್ಜಿನ ಅಗ್ರಿಮೆಂಟು

ನಮ್ಮ ಗೊಜ್ಜಿಗೆ ಫ್ರಾಂಚೈಸ್ ಕೇಳಿಕೊಂಡು ಶ್ರೀರಾಂಪುರದ ದಂಪತಿ ಬಂದ ದಿನದಿಂದ ನನ್ನನ್ನು ಹಿಡಿಯುವವರೇ ಇರಲಿಲ್ಲ. ಜಯಲಕ್ಷ್ಮಿಪುರಂನ ಮನೆಯ ಮುಂದಿನ ಕೋಣೆಯಲ್ಲಿ ನಾನೂ, ನಾನು ಅಕ್ಕ ಎಂದು ಕರೆಯುವ ನನ್ನ ಓರಗಿತ್ತಿಯೂ ಪುಳಿಯೋಗರೆ ಗೊಜ್ಜು ಮಾರಿಕೊಂಡು ಬಂದವರು. ಕುದಿಸುವುದು ಅಕ್ಕ, ಮಾರುವುದು ನಾನು. ಈ ವಯಸ್ಸಿನಲ್ಲಿ ಸೆಕೆಂಡ್ ಬ್ರಾಂಚ್! ದಂಪತಿಯದು ಒಂದೇ ಷರತ್ತು: ಗೊಜ್ಜಿನ ಗುಟ್ಟು ಟ್ರೇಡ್ ಸೀಕ್ರೆಟ್ ಎಂದು ಅಗ್ರಿಮೆಂಟಿನಲ್ಲಿ ಬರಬೇಕು, ಅದನ್ನು ಅವರಿಗೆ ಕಲಿಸಬೇಕು. ಗುಟ್ಟೇ ಇಲ್ಲದಿದ್ದರೆ ಗೊಜ್ಜನ್ನು ನಾವೇ ಮಾಡಿಕೊಳ್ಳುತ್ತೇವೆ, ನಿಮ್ಮ ಹಂಗೇಕೆ ಎಂದರು.

ಕರಡು ಬರೆಯಲು ಬಂದ ಲಾಯರ್ ಹುಡುಗಿಯೂ ನನ್ನ ಹಾಗೆ ಕಾನ್ವೆಂಟಿನವಳೇ. ಗುಟ್ಟು ಎನ್ನಬಹುದಾದದ್ದನ್ನೆಲ್ಲ ಹೇಳಿ ಎಂದಳು. ನಾನು ಹುರುಪಿನಿಂದ ಹೇಳುತ್ತ ಹೋದೆ, ಅವಳು ಹೊಡೆದು ಹಾಕುತ್ತ ಬಂದಳು. ಅಂಗಡಿಯ ಹೆಸರು? ಬೋರ್ಡಿನ ಮೇಲಿದೆಯಲ್ಲ, ಅದು ಟ್ರೇಡ್‌ಮಾರ್ಕಿನ ಲೆಕ್ಕ. ಹಾಕುವ ಸಾಮಾನು? ಪ್ಯಾಕೆಟ್ಟಿನ ಲೇಬಲ್ಲೇ ಸಾರುತ್ತಿದೆ. ಊರಿಗೆಲ್ಲ ಗೊತ್ತಿರುವುದು ಗುಟ್ಟಲ್ಲವಂತೆ. ಗುಟ್ಟಾಗಿರುವುದರಿಂದಲೇ ಅದಕ್ಕೆ ಬೆಲೆ ಇರಬೇಕು, ಅದನ್ನು ಕಾಯಲು ನಾವು ಏನಾದರೂ ಮಾಡಿರಲೂ ಬೇಕು.

ಇನ್ನು ಮಾಡುವ ವಿಧಾನ. ಅದನ್ನು ನಾನು ಲೇಡೀಸ್ ಕ್ಲಬ್ಬಿನಲ್ಲಿ ಡೆಮಾನ್‌ಸ್ಟ್ರೇಶನ್ ಸಮೇತ ಹೇಳಿಕೊಟ್ಟಿದ್ದೆ. ಶೇರಿಂಗ್, ಶೇರಿಂಗ್ ಎಂದು ಸಿಸ್ಟರ್ಸ್ ಕಲಿಸಿದ್ದು ಹಾಗೆ ಮೈಗೆ ಹತ್ತಿದೆ. ಹುಡುಗಿ ಪೆನ್ನು ಕೆಳಗಿಟ್ಟಳು. ನನ್ನ ಸೆಕೆಂಡ್ ಬ್ರಾಂಚ್ ತೆರೆಯುವ ಮೊದಲೇ ಮುಚ್ಚಿತು.

"ಆದ್ರೆ ಕ್ಲಬ್ಬಲ್ಲಿ ಯಾರಿಗೂ ಈ ರುಚಿ ಬರ್ಲಿಲ್ಲ ಕಣಮ್ಮ," ಎಂದೆ. "ನನಗೂ ಬರಲ್ಲ."

"ಅಂದ್ರೆ ನೀವೂ ನೋಡಿಲ್ವಾ ಆಂಟಿ?"

"ಅಡುಗೆಮನೆ ಒಳಗೆ ಬಿಟ್ರೆ ತಾನೇ. ಅಕ್ಕ ಮಡೀಲಿ ಮಾಡ್ತಾರೆ. ನಾನು ಕ್ಲಬ್ಬು, ಬಸ್ಸು ಅಂತ ತಿರುಗೋಳು, ಯಾವಾಗ್ಲೂ ಮೈಲಿಗೆ."

ಹೊರಗೆ ನಿಂತು, ವಾಸನೆ ಹಿಡಿದು ಊಹಿಸಿದ್ದನ್ನೇ ನಾನು ಕ್ಲಬ್ಬಿನಲ್ಲಿ ಹೇಳಿದ್ದು. ಹುಡುಗಿ ತಟ್ಟನೆ ಪೆನ್ನು ಎತ್ತಿಕೊಂಡಳು. ಎಷ್ಟೋ ಸಲ ನನ್ನ ಕಣ್ಣಲ್ಲಿ ನೀರು ತರಿಸಿದ್ದ ಆ ಮುಚ್ಚಿದ ಬಾಗಿಲು ಕಾನೂನಿನ ಭಾಷೆಯಲ್ಲಿ ರೆಸ್ಟ್ರಿಕ್ಟೆಡ್ ಆಕ್ಸೆಸ್ ಅಂತೆ! ಆದರೆ ಬಾಗಿಲು ಹಾಕಿದ್ದು ಮಡಿಗೋ, ಗುಟ್ಟು ಕಾಯುವುದಕ್ಕೋ? ಬರೀ ಮಡಿಗಾದರೆ ನಾಳೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ, ಅವರನ್ನೇ ಕೇಳಬೇಕು ಎಂದಳು.

ಅಕ್ಕನನ್ನು ಕರೆದೆವು. ಸುಳ್ಳು ಹೇಳುವವರಲ್ಲ. ಮಡಿಗೇ ಎಂದುಬಿಟ್ಟರೆ ನನ್ನ ಬ್ರಾಂಚ್ ಹೋದಂತೆಯೇ.

"ಅಂಗಡೀಲಿ ಮಾರೋ ಗೊಜ್ಜಿಗೆ ಯಾವ ಮಡಿನಮ್ಮ?" ಎಂದರು ಅಕ್ಕ, ಹುಡುಗಿಗೆ. "ಬರಬೇಡಿ ಅಂದ್ರೆ ಯಾಕೆ ಅಂತಾರೆ. ಮಡಿ ಅಂದ್ಬುಟ್ರೆ ಯಾರೂ ಕೇಳಲ್ಲ." ಆಮೇಲೆ ನನ್ನತ್ತ ಗದ್ದ ಎತ್ತಿ ತೋರಿಸಿದರು. "ಇವಳಿಗೆ ಹೇಳಿದ್ರೆ ಸಂಜೆಗೆ ಕ್ಲಬ್ಬಿಗೆ ಮುಟ್ಟುತ್ತೆ."

ಕೋಪ ಬರಬೇಕಿತ್ತು. ನಾನು ಮೈಲಿಗೆಯಲ್ಲವೆಂದು ಇಷ್ಟು ತಡವಾಗಿ ಗೊತ್ತಾಯಿತಲ್ಲ ಎಂದು ಒಂದು ಗಳಿಗೆ ಸಂಕಟವಾಯಿತು, ಮರುಗಳಿಗೆ ನಗು ತಡೆಯಲಾಗಲಿಲ್ಲ.

ಪ್ರಮಾಣ, ಕ್ರಮ, ಹದ ಮೂರೂ ಗುಟ್ಟೆಂದು ಅಗ್ರಿಮೆಂಟಿನಲ್ಲಿ ಬಂದವು. ಹೊರಗೆ ಬಾಯಿ ಬಿಡುವುದಿಲ್ಲ ಎಂಬ ಪತ್ರಕ್ಕೆ ದಂಪತಿ ಸೈನ್ ಹಾಕಿದರು. ಅಕ್ಕ ಆ ಪತ್ರದ ಇನ್ನೊಂದು ಪ್ರತಿ ತರಿಸಿ ನನ್ನ ಮುಂದಿಟ್ಟರು.

"ನೀನೂ ಹಾಕು. ಮೊದಲು ನೀನು ಕಲಿ, ಅವರಿಗೆ ಆಮೇಲೆ."

ಸಂತೋಷದ ಅವಸರದಲ್ಲಿ ನನ್ನ ಕಾನ್ವೆಂಟ್ ಕರ್ಸಿವ್ ಓರೆಕೋರೆಯಾಯಿತು. ಮರುದಿನ ಅಕ್ಕನ ಪಕ್ಕದಲ್ಲಿ, ಒಲೆಯ ಮುಂದೆ ನಿಂತೆ. ಬಾಣಲೆಗೆ ಮೊದಲು ಬಿದ್ದದ್ದು ನಾನು ಕ್ಲಬ್ಬಿನಲ್ಲಿ ಹೇಳಿದಂತೆ ಹುಣಸೆ ರಸ ಅಲ್ಲವೇ ಅಲ್ಲ. ಏನೆಂದು ಬರೆಯಲು ಬೆರಳು ತುರಿಸುತ್ತಿದೆ, ಬರೆಯುವಂತಿಲ್ಲ.