ಬನಹಟ್ಟಿ ಗೆರೆಯ ಐದು ಬೆರಳು

ಹೋದ ಸಂಕ್ರಾಂತಿ ಕಳೆದ ಎರಡನೇ ರವಿವಾರ, ನಾಲ್ಕು ಊರುಗಳ ಡಾರ್ಟ್ಸ್ ಲೀಗಿನ ಕೊನೆಯ ದಿನದ ಆಟ ಶುರುವಾಗುವ ಮೊದಲು, ಬನಹಟ್ಟಿಯಲ್ಲಿ ಅದುವರೆಗೆ ನಡೆದಿದ್ದ ಎರಡು ದಿನಗಳ ಪಂದ್ಯಗಳನ್ನು ರದ್ದು ಮಾಡಲಾಯಿತು. ಆಟಗಾರರು ನಿಂತು ಒಗೆಯುವ ಗೆರೆ ಇರಬೇಕಾದ ಜಾಗಕ್ಕಿಂತ ಐದು ಬೆರಳು ಹಿಂದಿತ್ತು.

ಆ ಲೀಗಿನ ಅಂಕಪುಸ್ತಕ ಬರೆಯುತ್ತಿದ್ದವನು ನಾನು. ಜಮಖಂಡಿಯಿಂದ ಪತ್ರಿಕೆಗೆ ಸುದ್ದಿ ಕಳಿಸುವುದು ನನ್ನ ಉದ್ಯೋಗ. ಪಂದ್ಯಾವಳಿ ನಡೆಸುತ್ತಿದ್ದವರು ನಿವೃತ್ತ ಪಿ.ಟಿ. ಮಾಸ್ತರು. ‘ಹೆಂಗೂ ಬರಿಯಾಕ ಬರ್ತೀರಿ, ಪೂರಾನ ಬರೀರಿ’ ಎಂದು ಮೊದಲ ದಿನವೇ ಪುಸ್ತಕವನ್ನು ನನ್ನ ಕೈಗಿಟ್ಟಿದ್ದರು.

ಬ್ಯಾನರಿನ ಮೇಲೆ ‘ಪ್ರೊಫೆಷನಲ್ ಡಾರ್ಟ್ಸ್ ಲೀಗ್’ ಎಂದಿತ್ತು. ಆಡುವವರಲ್ಲಿ ಆಟವೇ ಉದ್ಯೋಗವಾದವರು ಒಬ್ಬರೂ ಇರಲಿಲ್ಲ. ನೇಕಾರರು, ಬಸ್ ಕಂಡಕ್ಟರ್, ಔಷಧಿ ಅಂಗಡಿಯವರು, ಸಾವಳಗಿಯ ಒಬ್ಬ ದ್ರಾಕ್ಷಿ ಬೆಳೆಗಾರ ಇದ್ದರು. ಈ ಪದ ಯಾಕೆ ಎಂದು ನಾನು ಮಾಸ್ತರನ್ನು ಕೇಳಿದ್ದೆ.

‘ಹವ್ಯಾಸಿ ಅಂತ ಬರದ್ರ ಒಬ್ಬನೂ ಟೈಮಿಗೆ ಬರಂಗಿಲ್ರೀ’ ಎಂದರು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಊರಿಗೆ ಮೂವರ ಒಂದು ತಂಡ. ಪ್ರತಿ ತಂಡವೂ ಉಳಿದ ಮೂರರ ಜತೆ ಒಮ್ಮೆ ತನ್ನೂರಲ್ಲಿ, ಒಮ್ಮೆ ಅವರೂರಲ್ಲಿ ಆಡಬೇಕು. ಹೀಗೆ ದೀಪಾವಳಿಯಿಂದ ಸಂಕ್ರಾಂತಿಯ ಆಚೆಗೆ ಹರಡಿದ ಆರು ರವಿವಾರ. ಪ್ರತಿ ಸಲವೂ ಒಬ್ಬೊಬ್ಬ ಆಟಗಾರ ಎದುರು ತಂಡದ ಮೂವರ ಜತೆಗೂ ಒಂದೊಂದು ಪಂದ್ಯ ಆಡಬೇಕು. ಆಟದ ಲೆಕ್ಕ ಸರಳ. ಐನೂರ ಒಂದರಿಂದ ಶುರುಮಾಡಿ, ಒಂದರಿಂದ ಇಪ್ಪತ್ತರವರೆಗಿನ ಮನೆಗಳಿರುವ ದುಂಡು ಬೋರ್ಡಿಗೆ ಸರದಿಗೆ ಮೂರು ಡಾರ್ಟು, ಅಂದರೆ ಮೊನಚು ಬಾಣ, ಒಗೆದು, ಬಿದ್ದ ಅಂಕವನ್ನು ಕಳೆಯುತ್ತ ಸೊನ್ನೆಗೆ ಬರಬೇಕು. ಕೊನೆಯ ಡಾರ್ಟು ಮಾತ್ರ ಬೋರ್ಡಿನ ಅಂಚಿನ ಸಣ್ಣ ಬಳೆಯಲ್ಲೇ ಬೀಳಬೇಕು. ಅಲ್ಲಿ ಬಿದ್ದರೆ ಅಂಕ ದುಪ್ಪಟ್ಟು. ಅದಕ್ಕೆ ಅದನ್ನು ಡಬಲ್ ಎನ್ನುತ್ತಾರೆ. ಇಂಥ ಐದು ಗೇಮುಗಳಲ್ಲಿ ಮೂರು ಗೆದ್ದವನು ಪಂದ್ಯ ಗೆದ್ದಂತೆ. ಇಡೀ ಲೀಗಿನಲ್ಲಿ ಹೆಚ್ಚು ಪಂದ್ಯ ಗೆದ್ದ ಒಬ್ಬನಿಗೆ ರಾಜ್ಯ ತಂಡದ ಆಯ್ಕೆ ಶಿಬಿರಕ್ಕೆ ಹೋಗುವ ಅವಕಾಶ.

ಆ ಒಂದು ಜಾಗದ ಮೇಲೆ ಕಣ್ಣಿಟ್ಟವರು ಬನಹಟ್ಟಿಯ ಒಬ್ಬ ನೇಕಾರರು. ವಯಸ್ಸು ನಲವತ್ತಾರು. ಮನೆಗೆ ಹೊಂದಿದ ಶೆಡ್ಡಿನಲ್ಲಿ ಎರಡು ವಿದ್ಯುತ್ ಮಗ್ಗ. ಆಯ್ಕೆಗೆ ವಯಸ್ಸಿನ ಮಿತಿ ಇಲ್ಲ ಎಂದು ಮಾಸ್ತರು ಹೇಳಿದ ದಿನ ಅವರು ಮೂರು ಸಲ ಕೇಳಿದ್ದು ನನಗೆ ನೆನಪಿದೆ. ‘ಖರೇನ ಇಲ್ಲೇನ್ರಿ ಸರ? ಬರದದ್ದು ಐತೇನ್ರಿ? ನೀವು ಓದೀರೇನ್ರಿ?’ ಶಿಬಿರದಲ್ಲಿ ಕರಿ ಪ್ಯಾಂಟು, ಕರಿ ಬೂಟು ಕಡ್ಡಾಯ ಎಂದು ತಿಳಿದ ವಾರವೇ ಬೂಟು ಕೊಂಡು, ಪಾದಕ್ಕೆ ಹೊಂದಲಿ ಎಂದು ಮಗ್ಗದ ಸುತ್ತ ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದರು.

ಐದು ರವಿವಾರ ಮುಗಿದಾಗ ಅವರು ಆಡಿದ್ದ ಹದಿನೈದು ಪಂದ್ಯಗಳಲ್ಲಿ ಹದಿನಾಲ್ಕು ಗೆದ್ದಿದ್ದರು. ಎರಡನೆಯ ಸ್ಥಾನದಲ್ಲಿದ್ದವನು ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಗುಮಾಸ್ತ. ಮೂವತ್ತರ ಆಸುಪಾಸಿನವನು, ಒಂಬತ್ತು ಗೆದ್ದಿದ್ದ. ಕೊನೆಯ ರವಿವಾರ ಬನಹಟ್ಟಿಯಲ್ಲಿ ಇವರಿಬ್ಬರ ತಂಡಗಳ ನಡುವೆ ಆಟ. ಉಳಿದದ್ದು ತಲಾ ಮೂರೇ ಪಂದ್ಯ. ನೇಕಾರರು ಮೂರನ್ನೂ ಸೋತರೂ ಅವರನ್ನು ಯಾರೂ ದಾಟುವಂತಿರಲಿಲ್ಲ. ಶಿಬಿರದ ಜಾಗ ಅವರದೇ ಎಂದು ಎಲ್ಲರೂ ಒಪ್ಪಿಕೊಂಡಾಗಿತ್ತು.

ಆ ಕೊನೆಯ ಆಟದ ಮುನ್ನಾದಿನ, ಶನಿವಾರ ಮಧ್ಯಾಹ್ನ ನಾನು ಲೀಗಿನ ಸಮಾರೋಪದ ವರದಿಗೆ ಟಿಪ್ಪಣಿ ಮಾಡುತ್ತ ಅಂಕಪುಸ್ತಕ ತಿರುವುತ್ತಿದ್ದೆ. ಬನಹಟ್ಟಿಗೆ ಬಂದವರೆಲ್ಲ ಅಲ್ಲಿ ಕೆಟ್ಟದಾಗಿ ಆಡಿದ್ದರು. ಇದು ಹೊಸ ಸಂಗತಿಯಲ್ಲ. ಅಲ್ಲಿಯ ಸಭಾಭವನಕ್ಕೆ ಅಂಟಿಕೊಂಡೇ ಮಗ್ಗದ ಶೆಡ್ಡುಗಳಿವೆ, ರವಿವಾರವೂ ಒಂದೆರಡು ನಡೆಯುತ್ತಿರುತ್ತವೆ. ಜಮಖಂಡಿಯವರೂ ಬೀಳಗಿಯವರೂ ಆ ಸದ್ದನ್ನು ದೂರಿದ್ದರು. ‘ಮಗ್ಗದ ಸದ್ದಿಗೆ ಗುರಿ ತಪ್ಪಿದ ಅತಿಥಿಗಳು’ ಎಂದು ನಾನೇ ತಲೆಬರಹ ಕೊಟ್ಟಿದ್ದೆ, ಅದು ಹಾಗೆಯೇ ಅಚ್ಚಾಗಿತ್ತು.

ಆದರೆ ಆ ದಿನ ನಾನು ನೇಕಾರರ ಅಂಕಗಳನ್ನೂ ಊರುವಾರು ಬಿಡಿಸಿ ಬರೆದೆ. ಹೊರಗಿನ ಮೂರು ಊರುಗಳಲ್ಲಿ ಅವರು ಒಂದು ಪಂದ್ಯವನ್ನೂ ಸೋತಿರಲಿಲ್ಲ. ಸೋತ ಆ ಒಂದೇ ಪಂದ್ಯ ಅವರದೇ ಊರಿನದು. ಗೆದ್ದ ಪಂದ್ಯಗಳಲ್ಲೂ ಬನಹಟ್ಟಿಯಲ್ಲಿ ಒಂದು ಗೇಮು ಮುಗಿಸಲು ಅವರಿಗೆ ಬೇರೆ ಕಡೆಗಿಂತ ಹೆಚ್ಚು ಡಾರ್ಟು ಬೇಕಾಗಿದ್ದವು. ಮಗ್ಗದ ಸದ್ದಿನಲ್ಲೇ ಬೆಳೆದವರಿಗೆ ಮಗ್ಗದ ಸದ್ದು ಅಡ್ಡಿಯಾಗುವುದಿಲ್ಲ. ನನ್ನ ತಲೆಬರಹ ತಪ್ಪಿರಬೇಕು ಎನ್ನಿಸಿತು. ಬಸ್ಸು ಹಿಡಿದು ಬನಹಟ್ಟಿಗೆ ಹೋದೆ.

ನೇಕಾರರು ಶೆಡ್ಡಿನಲ್ಲಿದ್ದರು, ಕಾಲಲ್ಲಿ ಕರಿ ಬೂಟು. ಪಕ್ಕದಲ್ಲಿ ಅವರ ಹೆಂಡತಿ ನೂಲು ಸುತ್ತುತ್ತಿದ್ದರು. ನನ್ನನ್ನು ಕಂಡು ನೇಕಾರರು ಒಂದು ಮಗ್ಗ ನಿಲ್ಲಿಸಿದರು, ಇನ್ನೊಂದು ನಡೆದೇ ಇತ್ತು. ಸಭಾಭವನದ ಗೆರೆಯನ್ನು ಯಾರು ಎಳೆದರು ಎಂದು ಕೇಳಿದೆ.

‘ನಾನರೀ!’ ಎಂದು ಸದ್ದಿನ ಮೇಲೆ ಕೂಗಿ ಹೇಳಿದರು. ‘ಮಾಸ್ತರು ಚೀಟ್ಯಾಗ ಅಳತಿ ಬರದ ಕೊಟ್ಟಿದ್ರು. ಏಳು ಅಡಿ ಒಂಬತ್ತೂಕಾಲು ಇಂಚು.’

‘ಯಾವ ಟೇಪಿನಲ್ಲಿ ಅಳೆದಿರಿ?’

‘ಟೇಪ್ ಯಾಕ್ರಿ? ಗಜಕೋಲು ಐತಲ್ಲ.’ ಗೋಡೆಗೆ ಒರಗಿಸಿದ್ದ ಕಬ್ಬಿಣದ ಕೋಲು ತೋರಿಸಿದರು. ಅದು ಬಟ್ಟೆ ಅಳೆಯುವ ಕೋಲು, ಒಂದು ವಾರ, ಅಂದರೆ ಮೂರು ಅಡಿ ಉದ್ದ. ಹೇಗೆ ಅಳೆದಿರಿ, ಮಾಡಿ ತೋರಿಸಿ ಎಂದೆ. ಅವರು ನಕ್ಕು, ಬಗ್ಗಿ, ಕೋಲನ್ನು ನೆಲದ ಮೇಲಿಟ್ಟರು. ಕೋಲಿನ ತುದಿಗೆ ಎರಡು ಬೆರಳು ಒತ್ತಿ, ಬೆರಳಿನ ಆಚೆಯಿಂದ ಕೋಲನ್ನು ಮತ್ತೆ ಮಡಗಿದರು. ಮತ್ತೆ ಎರಡು ಬೆರಳು. ಉಳಿದ ಅರ್ಧಕ್ಕೆ ಒಂದು ಬೆರಳು.

ಆ ಬೆರಳು ಯಾಕೆ ಎಂದು ಕೇಳಿದೆ.

‘ಮಗ್ಗದಿಂದ ಇಳಿಸಿದ ಮ್ಯಾಲ ಸೀರಿ ಕುಗ್ಗತೈತ್ರಿ. ವಾರಕ್ಕ ಎರಡು ಬೆರಳು ಬಿಟ್ಟ ಹಿಡೀಬೇಕು. ನಮ್ಮಪ್ಪನ ಕಾಲದಿಂದ…’

ಅವರ ಕೈ ಇನ್ನೂ ನೆಲದ ಮೇಲಿತ್ತು. ಹೆಂಡತಿ ನೂಲು ಸುತ್ತುವುದನ್ನು ನಿಲ್ಲಿಸಿ ನೋಡುತ್ತಿದ್ದರು.

‘ಅಯ್ಯ, ಗೆರಿ ಎಳಿಯೂ ಮುಂದನೂ ಸೀರಿ ಅಂತ ತಿಳಕೊಂಡ್ರೇನ್ರಿ?’ ಎಂದರು ಹೆಂಡತಿ. ‘ಮೊಳಿ ಒಗಿಯೂ ಆಟಕ್ಕ ಸೆರಗ ಬ್ಯಾರೆ ಬಿಡಬೇಕಿತ್ತೇನು?’

ನೇಕಾರರು ನಗಲಿಲ್ಲ. ಇನ್ನೊಂದು ಮಗ್ಗವನ್ನೂ ನಿಲ್ಲಿಸಿದರು. ಓಣಿಯ ಬಡಿಗರ ಮನೆಯಿಂದ ಉಕ್ಕಿನ ಟೇಪು ತಂದೆವು. ಸಭಾಭವನದ ಬೀಗ ತೆಗೆಸಿ, ಬೋರ್ಡಿನಿಂದ ನೆಲಕ್ಕೆ ದಾರ ಇಳಿಬಿಟ್ಟು ಅಲ್ಲಿಂದ ಅಳೆದೆವು. ಎರಡು ಸಲ. ಐದು ಬೆರಳು ಹೆಚ್ಚಿತ್ತು.

ಗೆರೆ ಎಳೆದ ಮೇಲೆ ಅದನ್ನು ಯಾರೂ ಅಳೆದಿರಲಿಲ್ಲ. ಬೋರ್ಡಿನ ಎತ್ತರವನ್ನು ಮಾಸ್ತರು ಟೇಪು ಹಿಡಿದು ನೋಡಿದ್ದರು. ಗೆರೆಯನ್ನು ನೋಡಿರಲಿಲ್ಲ. ನೇಕಾರ ಅಳೆದದ್ದನ್ನು ಆ ಊರಿನಲ್ಲಿ ಮತ್ತೆ ಅಳೆಯುವ ರೂಢಿ ಇಲ್ಲ.

‘ಹೊರಗಿನ ಊರಾಗ ಕೈ ಹಗರ ಅನಸ್ತಿತ್ರಿ’ ಎಂದರು ನೇಕಾರರು ಟೇಪು ಸುತ್ತುತ್ತ. ‘ಅಲ್ಲಿ ಗ್ವಾಡಿ ಬ್ಯಾರೆ, ಬೆಳಕು ಬ್ಯಾರೆ. ಕೈ ಹೊಸದಾಗಿ ಲೆಕ್ಕ ಹಾಕ್ತಿತ್ತು. ಊರ ಬಿಟ್ಟ ಹೋದ ಖುಷಿಗೆ ಅಂತ ತಿಳಕೊಂಡಿದ್ದೆ.’ ಆಮೇಲೆ ಕೇಳಿದರು: ‘ನೀವು ಇದನ್ನ ಬರೀತೀರೇನ್ರಿ?’

ಸೋಮವಾರದ ಪತ್ರಿಕೆಗೆ ಬರೆಯಬೇಕಾಗುತ್ತದೆ ಎಂದೆ. ನಾನು ಮೊದಲು ಬರೆದದ್ದು ತಪ್ಪು, ಅದನ್ನು ತಿದ್ದಬೇಕು ಎಂದೂ ಹೇಳಿದೆ.

‘ಹಂಗಾದ್ರ ನಾಳೆ ಮುಂಜಾನೆ ಮಾಸ್ತರಿಗೆ ನಾನ ಹೇಳ್ತೇನಿ. ಪೇಪರ್ ಓದಿ ಅವರಿಗೆ ತಿಳೀಬಾರದು.’

ಇದರಿಂದ ಏನಾಗಬಹುದು ಎಂಬುದು ಇಬ್ಬರಿಗೂ ಗೊತ್ತಿತ್ತು. ಊರಿನಲ್ಲಿ ಗೆದ್ದ ಐದು ಪಂದ್ಯ ಬಿಟ್ಟರೆ ಅವರ ಲೆಕ್ಕದಲ್ಲಿ ಉಳಿಯುವುದು ಒಂಬತ್ತು. ಗುಮಾಸ್ತ ಇನ್ನೂ ಬನಹಟ್ಟಿಯಲ್ಲಿ ಆಡಿರಲಿಲ್ಲ, ಆತನ ಒಂಬತ್ತರಲ್ಲಿ ಒಂದೂ ಕಡಿಮೆಯಾಗುವುದಿಲ್ಲ.

ರವಿವಾರ ಬೆಳಿಗ್ಗೆ ಎರಡೂ ತಂಡಗಳ ಎದುರಿನಲ್ಲಿ ಅವರು ಹೇಳಿದರು. ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು.

‘ಅಲ್ಲಲೇ, ನೆಲಾನೂ ತೊಳದ್ರ ಕುಗ್ಗತೈತೇನು?’

‘ತಪ್ಪ ಆತ್ರಿ ಸರ. ಕೈ ರೂಢಿ.’

ಗುಮಾಸ್ತ ಮಧ್ಯೆ ಬಾಯಿ ಹಾಕಿದ. ‘ಕಾಕಾ, ಐದು ಬೆರಳ ಹಿಂದ ನಿಂತ ಇಷ್ಟು ಗೆದ್ದೀರಿ. ಇನ್ನ ಮುಂದ ಬಂದ್ರ ನಮ್ಮ ಗತಿ ಏನ್ರಿ?’

‘ಹೆಚ್ಚು ಕೊಟ್ಟದ್ದನ್ನ ನಾನರ ಒಪ್ಪಕೊಂಡೇನಿ. ಕಡಿಮಿ ತೂಗೂ ನಿಮ್ಮ ಕಬ್ಬಿನ ಕಾಟಾದ ಸುದ್ದಿ ಯಾರ ಹೇಳಾವ್ರಪಾ?’

ಎಲ್ಲರೂ ನಕ್ಕರು, ಗುಮಾಸ್ತನೂ ನಕ್ಕ. ಆಮೇಲೆ ಮಾಸ್ತರು ತೀರ್ಮಾನ ಹೇಳಿದರು. ‘ತಪ್ಪು ಅಳತಿ ಮ್ಯಾಲ ಗೆದ್ದದ್ದು ಗೆಲುವಲ್ಲ, ಸೋತದ್ದು ಸೋಲಲ್ಲ. ಎರಡೂ ದಿವಸದ್ದು ರದ್ದು.’ ಮತ್ತೆ ಆಡಿಸಲು ಸಮಯವಿರಲಿಲ್ಲ, ಶಿಬಿರಕ್ಕೆ ಹೆಸರು ಕಳಿಸಲು ಮರುದಿನವೇ ಕೊನೆ. ಗುಮಾಸ್ತ ಹದಿನೈದು ಪಂದ್ಯ ಆಡಿ ಗಳಿಸಿದ್ದನ್ನು ನೇಕಾರರು ಒಂಬತ್ತರಲ್ಲೇ ಗಳಿಸಿದ್ದಾರೆ ಎಂದು ನಾನು ಪುಸ್ತಕ ತೋರಿಸಿದೆ. ‘ನಿಯಮ ಗೆಲುವು ಎಣಸ್ರಿ ಅಂತೈತಿ, ಆಟ ಎಣಸ್ರಿ ಅಂತ ಇಲ್ಲ’ ಎಂದರು ಮಾಸ್ತರು. ಅದು ನಿಜವಿತ್ತು. ನೇಕಾರರು ಸುಣ್ಣದ ಡಬ್ಬಿ ತರಿಸಿ ಹೊಸ ಗೆರೆ ಎಳೆದರು. ಈ ಸಲ ಟೇಪು ಹಿಡಿದದ್ದು ಮಾಸ್ತರು.

ತಂತಮ್ಮ ಮೊದಲ ಎರಡು ಪಂದ್ಯಗಳನ್ನು ಇಬ್ಬರೂ ಗೆದ್ದರು. ಗುಮಾಸ್ತ ಸಲೀಸಾಗಿ ಗೆದ್ದ. ನೇಕಾರರು ಎರಡನ್ನೂ ಕೊನೆಯ ಗೇಮಿಗೆ ಎಳೆದುಕೊಂಡು ಹೋಗಿ ಗೆದ್ದರು. ಅವರ ಡಾರ್ಟುಗಳು ಬಯಸಿದ್ದಕ್ಕಿಂತ ಸ್ವಲ್ಪ ಮೇಲೆ ಬೀಳುತ್ತಿದ್ದವು, ಒಂದಂತೂ ಬೋರ್ಡು ದಾಟಿ ಗೋಡೆಗೂ ತಾಕಿತು. ಅದೇ ಗೋಡೆ, ಅದೇ ಬೆಳಕು. ಕೈ ಇನ್ನೂ ಹಳೆಯ ಗೆರೆಯಿಂದಲೇ ಒಗೆಯುತ್ತಿತ್ತು.

ಇಬ್ಬರದೂ ಹನ್ನೊಂದು ಹನ್ನೊಂದು. ಉಳಿದದ್ದು ಅವರಿಬ್ಬರ ನಡುವಿನ ಪಂದ್ಯ. ಅದೂ ಎರಡು ಎರಡಕ್ಕೆ ಸಮನಾಗಿ ಐದನೇ ಗೇಮಿಗೆ ಬಂತು. ನೇಕಾರರಿಗೆ ಮೂವತ್ತೆರಡು, ಗುಮಾಸ್ತನಿಗೆ ನಲವತ್ತು ಉಳಿದಾಗ ಸರದಿ ನೇಕಾರರದು. ಬೋರ್ಡಿನ ಕೆಳಭಾಗದಲ್ಲಿರುವ ಹದಿನಾರರ ಡಬಲ್‌ಗೆ ಒಂದು ಡಾರ್ಟು ಬಿದ್ದರೆ ಸಾಕಿತ್ತು. ಮೂರು ಡಾರ್ಟು ಕೈಯಲ್ಲಿದ್ದವು. ಪಕ್ಕದ ಶೆಡ್ಡಿನ ಮಗ್ಗ ನಡೆಯುತ್ತಿತ್ತು. ಯಾರೋ ಹೋಗಿ ಅದನ್ನು ನಿಲ್ಲಿಸಿದರು.

‘ನಿಂದರಸಬ್ಯಾಡ್ರಪಾ’ ಎಂದರು ನೇಕಾರರು. ‘ಸದ್ದಿಲ್ಲಂದ್ರ ನನಗ ಕೈ ಏಳಂಗಿಲ್ಲ.’

ಮಗ್ಗ ಮತ್ತೆ ಶುರುವಾಯಿತು. ಮೊದಲ ಡಾರ್ಟು ಬಳೆಗಿಂತ ಒಂದು ಬೆರಳು ಮೇಲೆ, ಬರಿ ಹದಿನಾರರಲ್ಲಿ ಬಿತ್ತು. ‘ಹದಿನಾರು ಉಳಿತು’ ಎಂದು ಮಾಸ್ತರು ಕೂಗಿದರು. ಈಗ ಎಂಟರ ಡಬಲ್ ಬೇಕು. ಎರಡನೆಯದೂ ಅದೇ ಒಂದು ಬೆರಳು ಮೇಲೆ, ಬರಿ ಎಂಟರಲ್ಲಿ. ‘ಎಂಟು ಉಳಿತು.’ ನೇಕಾರರು ಬಗ್ಗಿ ತಮ್ಮ ಬೂಟಿನ ತುದಿ ಗೆರೆಯ ಮೇಲಿದೆಯೇ ಎಂದು ನೋಡಿಕೊಂಡರು. ಹಳೆಯ ಗೆರೆಯನ್ನು ಅಳಿಸಿರಲಿಲ್ಲ, ಅದು ಅವರ ಹಿಂದೆ ಕಾಣುತ್ತಿತ್ತು. ಮೂರನೆಯ ಡಾರ್ಟು ಬೋರ್ಡಿನ ಮೇಲ್ಭಾಗದಲ್ಲಿರುವ ನಾಲ್ಕರ ಡಬಲ್ ದಾಟಿ, ಅಂಕವಿಲ್ಲದ ಕರಿ ಅಂಚಿನಲ್ಲಿ ಕುಂತಿತು.

ಗುಮಾಸ್ತ ತನ್ನ ಎರಡನೇ ಡಾರ್ಟನ್ನು ಇಪ್ಪತ್ತರ ಡಬಲ್‌ನಲ್ಲಿ ಹಾಕಿದ. ಮೊದಲು ಚಪ್ಪಾಳೆ ತಟ್ಟಿದವರು ನೇಕಾರರು.

‘ಕಾಕಾ, ಹಳೇ ಗೆರಿ ಮ್ಯಾಲ ಮೂರೂ ಬೀಳ್ತಿದ್ದೂ’ ಎಂದ ಗುಮಾಸ್ತ.

‘ಹಳೇ ಗೆರಿ ಮ್ಯಾಲ ನೀ ನನ್ನ ಸಮ ಇರ್ತಿದ್ದಿಲ್ಲ’ ಎಂದರು ಅವರು. ‘ಹೋಗ್ಬಾ. ಕರಿ ಬೂಟ ಅದಾವೇನು ನಿನ್ನ ಹಂತ್ಯಾಕ?’

ಇರಲಿಲ್ಲ. ಇಬ್ಬರ ಪಾದದ ಅಳತೆಯೂ ಒಂದೇ ಅಲ್ಲ ಎಂಬುದು ಅಲ್ಲೇ ಹಾಕಿ ನೋಡಿದಾಗ ತಿಳಿಯಿತು.

ಸೋಮವಾರದ ಪತ್ರಿಕೆಯಲ್ಲಿ ಫಲಿತಾಂಶವೂ ಅದರ ಕೆಳಗೆ ನಾಲ್ಕು ಸಾಲಿನ ತಿದ್ದುಪಡಿಯೂ ಅಚ್ಚಾದವು. ಬನಹಟ್ಟಿಯಲ್ಲಿ ಅತಿಥಿಗಳ ಗುರಿ ತಪ್ಪಲು ಮಗ್ಗದ ಸದ್ದು ಕಾರಣವಲ್ಲ, ಗೆರೆಯ ದೂರ ಕಾರಣ ಎಂದು ಬರೆದಿದ್ದೆ. ಅಳೆದವರು ಯಾರು ಎಂದು ಬರೆದಿರಲಿಲ್ಲ. ಎರಡು ದಿನದ ನಂತರ ನೇಕಾರರು ಫೋನು ಮಾಡಿ, ಅದನ್ನು ಯಾಕೆ ಬಿಟ್ಟಿರಿ ಎಂದು ಕೇಳಿದರು. ಜಾಗ ಸಾಲಲಿಲ್ಲ ಎಂದೆ. ಅದು ನಿಜವಲ್ಲ.

ಗುಮಾಸ್ತ ಶಿಬಿರಕ್ಕೆ ಹೋಗಿ ಎರಡನೇ ಸುತ್ತಿನಲ್ಲಿ ಹೊರಬಿದ್ದ.

ಈ ವರ್ಷದ ಲೀಗು ದೀಪಾವಳಿ ಕಳೆದ ಮೊದಲ ರವಿವಾರ ಬನಹಟ್ಟಿಯಲ್ಲಿ ಶುರುವಾಯಿತು. ಆಟಕ್ಕೆ ಮೊದಲು ಗೆರೆಯನ್ನು ಅಳೆಯಲಾಯಿತು. ಟೇಪಿನ ಒಂದು ತುದಿ ಮಾಸ್ತರ ಕೈಯಲ್ಲಿ, ಇನ್ನೊಂದು ನೇಕಾರರ ಕೈಯಲ್ಲಿ. ಏಳು ಅಡಿ ಒಂಬತ್ತೂಕಾಲು ಇಂಚು. ನೇಕಾರರು ಕರಿ ಬೂಟು ಹಾಕಿಕೊಂಡು ಆಡಿದರು. ಮೂರು ಪಂದ್ಯಗಳಲ್ಲಿ ಎರಡು ಗೆದ್ದರು.