ಮನೆಯಲ್ಲಿ ಗುಮ್ಮನಗುಸುಕ, ಹಿಮದಲ್ಲಿ ರೇಡಿಯೋ

ನಮ್ಮ ಯಜಮಾನರು ಬಾಯಿಬಿಟ್ಟು ಮಾತಾಡುವುದನ್ನು ಕೇಳಬೇಕೆಂದರೆ ಭೂಮಿಯ ತುದಿಗೆ ಹೋಗಬೇಕು. ತಮಾಷೆಗೆ ಹೇಳುತ್ತಿಲ್ಲ, ನಾನು ನಿಜವಾಗಿಯೂ ಹೋಗಿ ಕೇಳಿ ಬಂದವಳು. ಮನೆಯಲ್ಲಿ ಇವರು ಗುಮ್ಮನಗುಸುಕ. ಊಟಕ್ಕೆ ಕೂತರೆ ಊಟ, ಪೇಪರ್ ಹಿಡಿದರೆ ಪೇಪರ್. "ಉಪ್ಪು ಸರಿಯಾಗಿದೆಯಾ?" ಎಂದು ಕೇಳಿದರೆ ತಲೆಯಾಡಿಸುತ್ತಾರೆ. ಅದು ಹೌದು ಅಂತಲೋ ಅಲ್ಲ ಅಂತಲೋ, ನಾನೇ ತಟ್ಟೆ ನೋಡಿ ತಿಳಿದುಕೊಳ್ಳಬೇಕು. ತೀರಾ ಪೀಡಿಸಿದರೆ "ನೋಡೋಣ" ಎನ್ನುತ್ತಾರೆ. ಮದುವೆಯಾಗೋಣವಾ ಎಂದು ನಾನೇ ನಾಚಿಕೆ ಬಿಟ್ಟು ಕೇಳಿದ ದಿನವೂ "ನೋಡೋಣ" ಎಂದ ಮಹಾನುಭಾವರು ಇವರು. ಆಮೇಲೆ ಮದುವೆಯೇನೋ ಆಯಿತು, ನೋಡುವುದು ಮಾತ್ರ ಇನ್ನೂ ಮುಗಿದಿಲ್ಲ.

ವರ್ಷದ ಬಹುಪಾಲು ಇವರಿಗೆ ಬಂದರಿನ ಗೋದಾಮಿನಲ್ಲಿ ಕೆಲಸ. ಧ್ರುವದ ಕಡೆ ಬೇಸಿಗೆ ಬಂತೆಂದರೆ ಹೆಗಲಿಗೆ ಚೀಲ ಏರಿಸಿ ಅಲ್ಲಿನ ಸಂಶೋಧನಾ ಕೇಂದ್ರಕ್ಕೆ ಹೊರಟುಬಿಡುತ್ತಾರೆ. ವಿಜ್ಞಾನಿಗಳ ಯಂತ್ರಗಳು, ಇಂಧನದ ಪೀಪಾಯಿಗಳು, ಅಕ್ಕಿ, ಮೊಟ್ಟೆ, ಔಷಧಿ, ಹೀಗೆ ವಿಮಾನದಲ್ಲೂ ಹಡಗಿನಲ್ಲೂ ಬಂದದ್ದನ್ನೆಲ್ಲ ಇಳಿಸಿ, ವಿಂಗಡಿಸಿ, ಜೋಡಿಸಿಡುವುದು ಇವರ ತಂಡದ ಕೆಲಸ. ವಾಪಸು ಹೋಗುವಾಗ ಅಲ್ಲಿ ಸೇರಿದ ಕಸವನ್ನೂ ಕಟ್ಟಿ ಕಳಿಸಬೇಕು, ಆ ಹಿಮದ ಮೇಲೆ ಒಂದು ಬಾಟಲಿ ಮುಚ್ಚಳವನ್ನೂ ಬಿಟ್ಟು ಬರುವಂತಿಲ್ಲ. ಬೇಸಿಗೆ ಮುಗಿದ ಮೇಲೆ ಮೂಗಿನ ಸಿಪ್ಪೆ ಸುಲಿದುಕೊಂಡು ಮನೆಗೆ ಬರುತ್ತಾರೆ. ನಾನು ಬಾಗಿಲು ತೆಗೆದು "ಹೇಗಿತ್ತು?" ಎನ್ನುತ್ತೇನೆ. "ಚಳಿ ಇತ್ತು" ಎನ್ನುತ್ತಾರೆ. ಪ್ರವಾಸ ಕಥನ ಅಲ್ಲಿಗೆ ಮುಕ್ತಾಯ.

ನನ್ನ ತಂಗಿಗೆ ಇದೊಂದು ದೊಡ್ಡ ತಮಾಷೆ. "ಭಾವನಿಗೆ ಅಲ್ಲೊಂದು ಸಂಸಾರ ಇದೆ ಕಣೇ, ಇಲ್ಲದಿದ್ರೆ ಯಾರಾದ್ರೂ ಪ್ರತಿ ವರ್ಷ ಆ ಚಳೀಲಿ ಸಾಯೋಕೆ ಹೋಗ್ತಾರಾ?" ಎಂದು ಕಾಡಿಸುತ್ತಿದ್ದಳು.

"ಇರಲಿ ಬಿಡೇ. ಆ ಪುಣ್ಯಾತ್ಗಿತ್ತಿಗಾದ್ರೂ ನಾಲ್ಕು ಮಾತು ಸಿಗಲಿ," ಎಂದು ನಾನೂ ನಗುತ್ತಿದ್ದೆ.

ಆ ಫೋನ್ ಬಂದ ಮೇಲೆ ನಗು ಬರಲಿಲ್ಲ. ಇವರು ಸ್ನಾನಕ್ಕೆ ಹೋಗಿದ್ದರು, ನಾನೇ ಎತ್ತಿದೆ. ಆ ಕಡೆ ಮಾತಾಡಿದವರು ಕೇಂದ್ರದ ಮುಖ್ಯಸ್ಥೆ. "ಈ ಸಲ ಚಳಿಗಾಲಕ್ಕೂ ಅಲ್ಲೇ ಉಳೀತಾರಾ ಅಂತ ಕೇಳಿದ್ದೆ. ಯೋಚನೆ ಮಾಡಿದ್ರಂತಾ?" ಎಂದರು. ಚಳಿಗಾಲಕ್ಕೆ ಉಳಿಯುವುದೆಂದರೇನು ಎಂದು ಅಷ್ಟು ವರ್ಷದಲ್ಲಿ ನನಗೂ ತಿಳಿದಿತ್ತು. ಕೊನೆಯ ಹಡಗು ಹೋಯಿತೆಂದರೆ ಮುಂದಿನ ಬೇಸಿಗೆಯವರೆಗೆ ಯಾರೂ ಬರುವಂತಿಲ್ಲ, ಯಾರೂ ಹೋಗುವಂತಿಲ್ಲ. ಸೂರ್ಯನೇ ರಜೆ ಹಾಕಿ ಹೋಗಿಬಿಡುತ್ತಾನೆ. ನಮಗೆ ಮಕ್ಕಳಿಲ್ಲ. ಇವರು ಮಾತಾಡದಿದ್ದರೇನು, ಎದುರಿಗೆ ಕೂತು ಉಣ್ಣಲು ಒಂದು ಜೀವ ಅಂತ ಇದೆಯಲ್ಲ. ಒಂದು ಬೇಸಿಗೆಯನ್ನು ಹೇಗೋ ತಳ್ಳಬಹುದು, ಇಡೀ ವರ್ಷ ಗೋಡೆಯ ಜೊತೆ ಊಟ ಮಾಡುವುದು ಹೇಗೆ?

"ಮೇಡಂ ಫೋನ್ ಮಾಡಿದ್ರು," ಎಂದೆ, ಸ್ನಾನ ಮುಗಿಸಿ ಬಂದವರಿಗೆ.

"ಹೂಂ," ಎಂದರು.

ಅವರಾಗಿಯೇ ಹೇಳಲಿ ಎಂದು ಕಾದೆ. ಉಂಡರು, ಪೇಪರ್ ಓದಿದರು, ಮಲಗಿದರು. ಮರುದಿನವೂ ಇಲ್ಲ, ವಾರವಾದರೂ ಇಲ್ಲ. ನನಗೂ ಹಟ ಬಂತು. ಗಂಡನಾದವನು ತಾನಾಗಿ ಹೇಳದ ವಿಷಯವನ್ನು ನಾನು ಬಾಯಿಬಿಟ್ಟು ಕೇಳುವುದಿಲ್ಲ ಎಂದು ನಿಶ್ಚಯ ಮಾಡಿದೆ. ಆದರೆ ಬಿಡುವುದೂ ಇಲ್ಲ. ಆ ಮೇಡಂಗೆ ನಾನೇ ಫೋನ್ ಮಾಡಿ "ಅಡುಗೆಮನೆಗೆ ಜನ ಬೇಕಾ?" ಎಂದು ಕೇಳಿದೆ. ಪಾತ್ರೆ ತೊಳೆಯಲು, ತರಕಾರಿ ಹೆಚ್ಚಲು ಒಬ್ಬರು ಬೇಕಿತ್ತಂತೆ. ಡಾಕ್ಟರು ಹೃದಯದಿಂದ ಹಿಡಿದು ಹಲ್ಲಿನವರೆಗೆ ಎಲ್ಲ ನೋಡಿ ಪಾಸು ಮಾಡಿದರು. ಮನೆಗೆ ಬಂದು "ಈ ಸಲ ನಾನೂ ಬರ್ತಿದೀನಿ" ಎಂದು ಘೋಷಿಸಿದೆ. ಇವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ "ನೋಡೋಣ" ಎಂದರು. ಆದರೆ ಸಂಜೆ ಬಂದಾಗ ಕೈಯಲ್ಲಿ ನನ್ನ ಅಳತೆಯ ಉಣ್ಣೆಯ ಕಾಲುಚೀಲಗಳಿದ್ದವು.

ಇವರು ಮೊದಲ ವಿಮಾನದಲ್ಲಿ ಹೋದರು, ನಾನು ಆಮೇಲಿನದರಲ್ಲಿ. ವಿಮಾನದ ಹಿಂದಿನ ಬಾಗಿಲು ತೆರೆದದ್ದೇ ಮೂಗಿನೊಳಗಿನ ಕೂದಲೆಲ್ಲ ಸೆಟೆದುಕೊಂಡಿತು. ಎಲ್ಲೆಲ್ಲೂ ಬಿಳುಪು, ಕಣ್ಣು ಬಿಡಲಾಗದ ಬೆಳಕು. ಅದರ ನಡುವೆ ಯಾರೋ ಸಂತೆಯಲ್ಲಿ ಕೂಗಿದ ಹಾಗೆ ಕೂಗುತ್ತಿದ್ದರು.

"ಬಾ ಬಾ ಬಾ! ಎಡಕ್ಕೆ... ನಿನ್ನ ಎಡ ಅಲ್ಲಮ್ಮಾ ತಾಯಿ, ನನ್ನ ಎಡ! ಹಾಂ, ಸಾಕ್! ಅದು ಮೊಟ್ಟೆ ಕಣಮ್ಮಾ, ಮದುಮಗಳ ತರ ಇಳಿಸು! ಒಡೆದ್ರೆ ಈ ಬೇಸಿಗೆಯೆಲ್ಲ ಬರೀ ಬ್ರೆಡ್ಡು ತಿಂದ್ಕೊಂಡು ನನ್ನ ಹಾಡು ಕೇಳ್ಬೇಕಾಗುತ್ತೆ, ನೋಡ್ಕೋ!"

ಯಾರಪ್ಪಾ ಈ ಬಾಯಿಬಡುಕ ಎಂದು ನೋಡಿದೆ. ದಪ್ಪ ಜಾಕೆಟ್, ಕಪ್ಪು ಕನ್ನಡಕ, ಗಡ್ಡದ ತುಂಬ ಹಿಮ. ಹತ್ತಿರ ಹೋದರೆ, ಅಯ್ಯೋ ದೇವರೇ, ನಮ್ಮನೆಯವರು! ನನ್ನನ್ನು ಕಂಡರು. ಬಾಯಿ ಟಪ್ಪನೆ ಮುಚ್ಚಿತು. "ಬಂದ್ಯಾ," ಎಂದರು. ಅಷ್ಟೇ.

ಫೋರ್ಕ್‌ಲಿಫ್ಟ್ ಗಾಡಿಯಲ್ಲಿ ಆ ಮೊಟ್ಟೆಯ ಪೆಟ್ಟಿಗೆ ಇಳಿಸುತ್ತಿದ್ದವಳು ಒಬ್ಬ ಎತ್ತರದ ಹೆಂಗಸು. ಅವಳು ಕೆಳಗಿಳಿದು ಬಂದು ನನ್ನ ಕೈ ಹಿಡಿದುಕೊಂಡಳು. "ನೀವೇನಾ ರೇಡಿಯೋ ಹೆಂಡ್ತಿ? ಪಾಪ ಅಕ್ಕಾ, ಮನೇಲಿ ಇವರ ಬಾಯಿ ಹೇಗೆ ತಡ್ಕೋತೀರಿ?" ಎಂದಳು. ರೇಡಿಯೋ! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕೇಂದ್ರವೆಂದರೆ ಹಿಮದ ಮೇಲೆ ಕಾಲೂರಿ ನಿಂತ ಉದ್ದನೆಯ ಡಬ್ಬಗಳ ಸಾಲು. ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಒಂದು ಕಡೆ ಮಲಗುವ ಕೋಣೆ. ಗಂಡನನ್ನು ಹುಡುಕಿಕೊಂಡು ಅಷ್ಟು ದೂರ ಹೋಗಿ ನಾನು ಮಲಗಿದ್ದು ಆ ಫೋರ್ಕ್‌ಲಿಫ್ಟಿನವಳ ಕೆಳಗಿನ ಮಂಚದಲ್ಲಿ. ಒಂದು ಅನುಕೂಲವೆಂದರೆ, ಪಾತ್ರೆ ತೊಳೆಯುವ ತೊಟ್ಟಿಯ ಮುಂದೆಯೇ ಕಿಟಕಿಯಿತ್ತು, ಅದರಿಂದ ಸರಕಿನ ಅಂಗಳ ಪೂರ್ತಿ ಕಾಣುತ್ತಿತ್ತು. ಪೆಟ್ಟಿಗೆಗಳ ಸಾಲುಗಳು, ಹಿಮ ಬಿದ್ದು ಹೂತುಹೋದರೆ ಗುರುತು ಸಿಗಲಿ ಎಂದು ಪ್ರತಿ ಸಾಲಿನ ತುದಿಗೂ ಬಾವುಟ ಕಟ್ಟಿದ ಬಿದಿರಿನ ಕೋಲು. ಪಕ್ಕದಲ್ಲಿ ಹೀಟರ್ ಹಾಕಿದ ಒಂದು ಕೊಟ್ಟಿಗೆ. ಮೊಟ್ಟೆ, ಔಷಧಿ, ಬಣ್ಣದ ಡಬ್ಬ ಹೆಪ್ಪುಗಟ್ಟಬಾರದಲ್ಲ, ಅವಕ್ಕೆಲ್ಲ ಅಲ್ಲಿ ಬೆಚ್ಚಗೆ ಉಪಚಾರ. ಇನ್ನು ವಿಜ್ಞಾನಿಗಳು ಹಿಮದಾಳದಿಂದ ಕೊರೆದು ತೆಗೆದ ಮಂಜುಗಡ್ಡೆ ಊರು ಸೇರುವವರೆಗೆ ಕರಗಬಾರದು, ಅದಕ್ಕೆ ಬೇರೆಯದೇ ಉಪಚಾರ. ಇವರು ಪೆಟ್ಟಿಗೆ ಜೋಡಿಸಿ, ಬಲೆ ಹಾಕಿ, ಪಟ್ಟಿ ಬಿಗಿದು, ಮೇಲೆರಡು ತಟ್ಟಿ "ಹುಷಾರಾಗಿ ಹೋಗ್ಬಿಟ್ಟು ಬಾರಪ್ಪಾ" ಎಂದು ಬೀಳ್ಕೊಡುತ್ತಿದ್ದರು. ಅದನ್ನು ನೋಡುತ್ತಾ ನಾನು ಬಾಣಲೆ ಉಜ್ಜುತ್ತಿದ್ದೆ. ಆ ಬಾಣಲೆಗಳು ಅಷ್ಟು ಬೆಳ್ಳಗೆ ಹಿಂದೆಂದೂ ಆಗಿರಲಿಲ್ಲ ಎಂದು ದೊಡ್ಡ ಅಡುಗೆಯವರು ಹೊಗಳಿದರು. ಸಿಟ್ಟಿನಲ್ಲಿ ಉಜ್ಜಿದ್ದು ಎಂದು ಅವರಿಗೇನು ಗೊತ್ತು!

ಊಟದ ಮನೆಯಲ್ಲಿ ಇವರ ಸುತ್ತ ಜನ ಮುಗಿಬೀಳುತ್ತಿದ್ದರು. ಎಂದೋ ಹಡಗಿನಿಂದ ಜಾರಿ ನೀರಿಗೆ ಬಿದ್ದ ಪಿಯಾನೋದ ಕಥೆ, ಪೆಂಗ್ವಿನ್ ಒಂದು ಇವರ ಕೈಗವಸು ಕದ್ದ ಕಥೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ತಟ್ಟೆ ಹಿಡಿದು ಆ ಮೇಜಿಗೆ ಹೋಗಿ ಕೂತೆನೋ, ಕಥೆ ಅರ್ಧಕ್ಕೇ ನಿಲ್ಲುತ್ತಿತ್ತು. ಇವರು ತಟ್ಟೆ ನೋಡಿಕೊಂಡು ಉಣ್ಣತೊಡಗುತ್ತಿದ್ದರು.

"ಏನಮ್ಮಾ, ನೀವು ಬಂದ್ರೆ ನಮ್ಮ ರೇಡಿಯೋ ಆಫ್ ಆಗುತ್ತಲ್ಲ! ಮನೇಲಿ ಅಷ್ಟು ಹೆದರಿಸಿ ಇಟ್ಟಿದೀರಾ?" ಎಂದು ದೊಡ್ಡ ಅಡುಗೆಯವರು ನಕ್ಕರು. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ಒಳಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಪೆಟ್ಟಿಗೆಗೆ ಮಾತುಂಟು, ಪೆಂಗ್ವಿನ್ನಿಗೆ ಮಾತುಂಟು, ಕಟ್ಟಿಕೊಂಡವಳಿಗೆ ಮಾತ್ರ ಇಲ್ಲ. ಹೀಗಿದ್ದಮೇಲೆ ಈ ಮನುಷ್ಯ ಚಳಿಗಾಲಕ್ಕೆ ಇಲ್ಲಿ ಉಳಿಯದೆ ಇನ್ನೇನು ಮಾಡುತ್ತಾರೆ? ಇವರ ಮನೆ ಇದೇ. ಊರಿನದು ನಾನು ಬಾಗಿಲು ತೆಗೆಯುವ ಒಂದು ವಸತಿಗೃಹ, ಅಷ್ಟೇ.

ಬೇಸಿಗೆ ಮುಗಿಯುತ್ತಾ ಬಂತು. "ಮೇಡಂ ಚಳಿಗಾಲಕ್ಕೆ ಗೋದಾಮಿಗೊಬ್ಬರನ್ನ ಹುಡುಕ್ತಿದಾರೆ," ಎಂದು ಮೇಲಿನ ಮಂಚದವಳು ಸುದ್ದಿ ತಂದಳು. ನನ್ನ ಕಥೆಯನ್ನೆಲ್ಲ ಅವಳಿಗೆ ಹೇಳಿಕೊಂಡಿದ್ದೆ. "ಕೇಳಿಬಿಡಿ ಅಕ್ಕಾ, ಒಂದು ಮಾತು," ಎಂದಳು.

"ನಾನ್ಯಾಕೆ ಕೇಳ್ಲಿ? ಅವರಿಗೆ ಬಾಯಿಲ್ವಾ? ಇಡೀ ಊರಿಗೇ ಇದೆಯಂತಲ್ಲ!" ಎಂದು ಗೋಡೆಗೆ ಮುಖ ಮಾಡಿ ಮಲಗಿದೆ.

ಕೊನೆಯ ವಿಮಾನದಲ್ಲಿ ನನಗೆ ಸೀಟು. ಇವರು ಎಂದಿನಂತೆ ಹಿಂದೆ ಉಳಿದು, ಚಳಿಗಾಲದ ಇಂಧನ ತರುವ ಹಡಗನ್ನು ಖಾಲಿ ಮಾಡಿ, ಅದರಲ್ಲೇ ಹೊರಡಬೇಕು. ಅಂದರೆ, ಹೊರಡುವುದಾದರೆ. ಇವರು ಹತ್ತುತ್ತಾರೋ ಇಲ್ಲವೋ ತಿಳಿಯದೆಯೇ ನಾನು ಹೋಗಿ ಖಾಲಿ ಮನೆಯ ಬೀಗ ತೆಗೆಯಬೇಕಿತ್ತು. ವಿಮಾನ ಹತ್ತುವವರನ್ನೆಲ್ಲ ಜಾಕೆಟ್ಟು, ಬೂಟು ಸಮೇತ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಯಾರ ಜೇಬಿನಲ್ಲಿ ಏನೇನು ಅಡಗಿದೆ ಎಂದು ರೇಡಿಯೋ ಹಾಸ್ಯ ಮಾಡುತ್ತಲೇ ಇತ್ತು. ನನ್ನ ಸರದಿ ಬಂದಾಗ ಮುಳ್ಳು ನೋಡಿ, ತಲೆಯಾಡಿಸಿ, ಮುಂದಕ್ಕೆ ಕಳಿಸಿತು. ನಾನು ಹತ್ತಿ ಕೂತು ಬೆಲ್ಟು ಹಾಕಿಕೊಂಡೆ.

ಆಗ ಪೈಲಟ್ ಇಳಿದುಹೋಗಿ ಓಡುದಾರಿ ನೋಡಿ ಬಂದ. ಹಿಮ ಮೆತ್ತಗಾಗಿದೆ, ಇಷ್ಟು ಭಾರಕ್ಕೆ ಏರುವುದಿಲ್ಲ ಎಂದ. ಎಲ್ಲರ ಚೀಲಗಳನ್ನೂ ಕೆಳಗಿಳಿಸಿದರು. ಸಾಲಲಿಲ್ಲ. ಮಂಜುಗಡ್ಡೆಯ ಪೆಟ್ಟಿಗೆಗಳನ್ನು ಮುಟ್ಟುವ ಹಾಗಿಲ್ಲ, ಆ ಬೇಸಿಗೆಯ ದುಡಿಮೆಯೆಲ್ಲ ಅದರಲ್ಲೇ ಇತ್ತು. ಕೊನೆಗೆ, ಒಬ್ಬರು ಇಳಿದು ಹಡಗಿಗೆ ಕಾಯಬೇಕು ಎಂದಾಯಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ದೊಡ್ಡ ಅಡುಗೆಯವರ ತಾಯಿ ಆಸ್ಪತ್ರೆಯಲ್ಲಿದ್ದರು. ಫೋರ್ಕ್‌ಲಿಫ್ಟಿನವಳು ಹಾಲು ಬಿಟ್ಟ ಮಗುವನ್ನು ಅಜ್ಜಿಯ ಕೈಗೆ ಕೊಟ್ಟು ಬಂದವಳು. ಪ್ರತಿಯೊಬ್ಬರಿಗೂ ಒಂದಲ್ಲ ಒಂದು ಅವಸರ.

ಸರಕಿನ ಮುಖ್ಯಸ್ಥರು, ಅಂದರೆ ಇವರೇ, ತೀರ್ಮಾನ ಮಾಡಬೇಕಿತ್ತು. ಇವರು ಒಳಗೆ ಬಂದರು. ಸಾಲಿನ ಉದ್ದಕ್ಕೂ ಕಣ್ಣಾಡಿಸಿದರು. ಆಮೇಲೆ ಅದೇ ಅಂಗಳದ ಗಂಟಲಿನಲ್ಲಿ, "ಅಡುಗೆಮನೆ ಸಹಾಯಕಿ ಇಳೀಬೇಕು!" ಎಂದು ಕೂಗಿದರು.

ನಾನು! ಇಷ್ಟು ದಿನ ಬಿಗಿಹಿಡಿದದ್ದೆಲ್ಲ ಆ ಒಂದು ಕೂಗಿಗೆ ಕಿತ್ತುಕೊಂಡು ಬಂತು.

"ಏನ್ರೀ, ಇಷ್ಟು ಜನರಲ್ಲಿ ನಿಮಗೆ ಭಾರ ಆದೋಳು ನಾನೊಬ್ಬಳೇನಾ? ನೀವು ಚಳಿಗಾಲ ಪೂರ್ತಿ ನಿಮ್ಮ ಪೆಟ್ಟಿಗೆಗಳ ಜೊತೆ ಸಂಸಾರ ಮಾಡ್ಕೊಂಡಿರಿ, ಯಾರು ಬೇಡ ಅಂದ್ರು? ನನ್ನ ಯಾಕೆ ಎತ್ತಿ ಇಳಿಸಿ ಆಟ ಆಡ್ತೀರಿ? ನಾನು ಮನೆಗೆ ಹೋಗ್ತೀನಿ!"

ಎಂಜಿನ್ನಿನ ಸದ್ದಿನಲ್ಲೂ ಎಲ್ಲರಿಗೂ ಕೇಳಿಸಿರಬೇಕು, ಯಾರೂ ನಗಲಿಲ್ಲ. ಇವರು ಕನ್ನಡಕ ತೆಗೆದರು. ಹತ್ತಿರ ಬಂದು ಬಗ್ಗಿದರು. ಮನೆಯ ದನಿಯಲ್ಲಿ, ನನ್ನ ಕಿವಿಗೆ ಮಾತ್ರ ಕೇಳುವ ಹಾಗೆ ಹೇಳಿದರು:

"ಇವರಿಗೆಲ್ಲ ಮನೇಲಿ ಕಾಯೋರಿದಾರೆ. ನಿನ್ನ ಕಾಯೋನು ಇಲ್ಲೇ ಇದೀನಲ್ಲ. ಬೀಗ ಹಾಕಿರೋ ಮನೆಗೆ ನಿನ್ನೊಬ್ಬಳನ್ನೇ ಹೇಗೆ ಕಳಿಸ್ಲಿ?"

ನನ್ನ ಬೆಲ್ಟನ್ನು ಇವರೇ ಬಿಚ್ಚಿದರು.

ವಿಮಾನ ಹಿಮದ ಧೂಳೆಬ್ಬಿಸಿ ಏರಿತು, ಚುಕ್ಕಿಯಾಯಿತು. ನಾವಿಬ್ಬರೂ ಅಂಗಳದಲ್ಲಿ ನಿಂತಿದ್ದೆವು.

"ಚಳಿಗಾಲಕ್ಕೆ ಉಳಿಯಲ್ವಾ?" ಎಂದೆ.

"ಇಲ್ಲ. ಬೇರೆಯೋನು ಹಡಗಲ್ಲಿ ಬರ್ತಾನೆ. ಆ ಫೋನ್ ಬಂದ ಮರುದಿನವೇ ಮೇಡಂಗೆ ಆಗಲ್ಲ ಅಂದೆ."

"ನನಗೊಂದು ಮಾತು ಹೇಳೋಕೆ ಏನಾಗಿತ್ತು?"

ಇವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಹೋಗೋದಾದ್ರೆ ಹೇಳ್ಬೇಕು. ಹೋಗದೇ ಇರೋದನ್ನ ಏನಂತ ಹೇಳೋದು?"

ಇಂಥವರಿಗೆ ಏನು ಮಾಡಬೇಕು ನೀವೇ ಹೇಳಿ! "ಮತ್ತೆ ನಾನು ಹತ್ರ ಬಂದ್ರೆ ಬಾಯಿ ಯಾಕೆ ಹೊಲ್ಕೋತೀರಿ? ಊರಿಗೆಲ್ಲ ರೇಡಿಯೋ ಅಂತೆ!"

ಬೂಟಿನ ತುದಿಯಿಂದ ಹಿಮ ಕೆದಕುತ್ತಾ ಯೋಚಿಸಿದರು. "ಮೊದಲನೇ ಸಲ ಇಲ್ಲಿಗೆ ಬಂದಾಗ ಸುಮ್ನೇ ಇದ್ದೆ. ಗಾಳಿ ನಿಂತ್ರೆ ಇಲ್ಲಿ ಒಂದು ಸದ್ದಿಲ್ಲ. ನನ್ನ ಕೈಲಿ ತಡೆಯೋಕೇ ಆಗ್ಲಿಲ್ಲ. ಮನೇಲಾದ್ರೆ ನೀನು ಏನಾದ್ರೂ ಹೇಳ್ತಾ ಇರ್ತೀಯ. ಇಲ್ಲಿ ಅದಿಲ್ವಲ್ಲ, ಅದಕ್ಕೇ ನಾನೇ ಶುರು ಮಾಡ್ಕೊಂಡೆ. ನೀನು ಬಂದು ಕೂತ್ರೆ ಮತ್ತೆ ನಾನ್ಯಾಕೆ ಮಾತಾಡ್ಲಿ? ಕೇಳೋಣ ಅನ್ಸುತ್ತೆ."

ಮದುವೆಯಾದಾಗಿನಿಂದ ಇವರು ನನ್ನ ಹತ್ತಿರ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಬಾಯಿ ಮುಚ್ಚಲು ಬಾರದ ನನಗೆ ಒಂದು ಮಾತೂ ಹೊರಡಲಿಲ್ಲ. ಗಾಳಿಯೂ ನಿಂತಿತ್ತು. ಇವರು ಸ್ವಲ್ಪ ಹೊತ್ತು ಕಾದರು. ಆಮೇಲೆ, ಹೆದರಿದವರ ಹಾಗೆ, "ಏನಾದ್ರೂ ಹೇಳೇ," ಎಂದರು.

ಹೇಳಿದೆ. ಮೊದಲು ಅಳುತ್ತಲೇ ಹೊಟ್ಟೆ ತುಂಬ ಬೈದೆ. ಅಳು ನಿಂತ ಮೇಲೆ ತಂಗಿಯ ವಿಷಯ, ಬಾಣಲೆಗಳ ವಿಷಯ, ಪಕ್ಕದ ಮನೆಯಾಕೆ ನಮ್ಮ ಗಿಡಗಳಿಗೆ ನೀರು ಹಾಕಿದ್ದಾಳೋ ಇಲ್ಲವೋ ಎಂಬ ವಿಷಯ. ಇವರು ಕೈ ಹಿಂದೆ ಕಟ್ಟಿಕೊಂಡು, ತುಟಿ ಪಿಟಕ್ಕೆನ್ನದೆ, ಊಟದ ಮನೆಯವರೆಗೂ ನನ್ನ ಪಕ್ಕದಲ್ಲೇ ನಡೆದು ಬಂದರು.