ಎರಡನೇ ಭಾಗಕ್ಕೆ ಯಾರೂ ಹೆದರಲಿಲ್ಲ

ಅರಸೀಕೆರೆಯ ನಮ್ಮ ಹಳೇ ಟಾಕೀಸಿನಲ್ಲಿ ಹೆಂಗಸರ ಗೇಟು ಕಾಯುತ್ತಿದ್ದವಳು ಹನುಮಮ್ಮ. ಗಂಡ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ ಟಿಕೆಟ್ ಹರಿದೇ ಮನೆ ನಡೆಸಿ, ಮಗಳು ನಯನಾಳನ್ನು ಟಿಸಿಎಚ್ ಓದಿಸುತ್ತಿದ್ದಳು. ಬಾಯಿ ಜೋರು. ಮಗು ಅತ್ತರೆ ತಾಯಿಯನ್ನೂ ಸೇರಿಸಿ ಹೊರಗೆ ಕಳಿಸುತ್ತಿದ್ದಳು. ಆದರೆ ಅವಳಷ್ಟು ಪುಕ್ಕಲಿಯನ್ನು ನಾನು ಕಂಡಿಲ್ಲ.

ತೊಂಬತ್ತಾರರಲ್ಲಿ ಒಂದು ದೆವ್ವದ ಸಿನಿಮಾ ಬಂತು. ಬಾವಿಯಿಂದ ಕೈಯೊಂದು ಮೇಲೆ ಬಂದಾಗ ಮೊದಲು ಚೀರಿದವಳೇ ಹನುಮಮ್ಮ. ಅವಳ ಹಿಂದೆ ನಾವೆಲ್ಲ. ನಮ್ಮ ಕಿರುಚಾಟ ಬಸ್ ಸ್ಟ್ಯಾಂಡಿನವರೆಗೂ ಕೇಳಿತಂತೆ. ಸುದ್ದಿ ಹಬ್ಬಿ ಹಾರನಹಳ್ಳಿಯಿಂದಲೂ ಟೆಂಪೊ ತುಂಬ ಜನ ಬಂದರು. ದೆವ್ವ ಬೆನ್ನು ಹತ್ತಬಾರದೆಂದು ಅವಳು ಆಟ ಬಿಟ್ಟ ಮೇಲೆ ಒಬ್ಬೊಬ್ಬರ ಹಣೆಗೂ ವಿಭೂತಿ ಹಚ್ಚಿ ಕಳಿಸುತ್ತಿದ್ದಳು. ಸಿನಿಮಾ ಐವತ್ತು ದಿನ ಓಡಿತು.

ಮೂರು ವರ್ಷದ ಮೇಲೆ ಅದರ ಎರಡನೇ ಭಾಗ ಬಂತು. ಅಷ್ಟರಲ್ಲಿ ಮನೆಮನೆಗೂ ಕೇಬಲ್ ಬಂದು ಟಾಕೀಸು ಒಣಗಿಹೋಗಿತ್ತು. ಟಾಕೀಸಿನ ಸಾಹುಕಾರರಾದ ಜಯದೇವಪ್ಪ ಮೊದಲೇ ಹೇಳಿಬಿಟ್ಟಿದ್ದರು: "ನೋಡು ಹನುಮಮ್ಮ, ಗುರುವಾರದೊಳಗೆ ಹೆಂಗಸ್ರು ಕಿರುಚೋದು ರೋಡಿಗೆ ಕೇಳಿದ್ರೆ ಟಾಕೀಸು ನಡುಸ್ತೀನಿ. ಇಲ್ಲಾಂದ್ರೆ ಕೊಬ್ಬರಿ ಗೋಡೌನಿಗೆ ಕೇಳ್ತಾವ್ರೆ, ಕೊಟ್ಬಿಡ್ತೀನಿ." ನಯನಾಳ ಓದು ಮುಗಿಯಲು ಇನ್ನೂ ಒಂದು ವರ್ಷವಿತ್ತು.

ಶುಕ್ರವಾರ ಮೊದಲ ಆಟದಲ್ಲೇ ಜನ ನಕ್ಕರು. ನಗದೆ ಇನ್ನೇನು? ದೆವ್ವದ ಚೌರಿ ಜಾರುತ್ತಿತ್ತು, ಬಿಳಿ ಸೀರೆಗೆ ಇಸ್ತ್ರಿ ಬೇರೆ. ಅದೇ ಬಾವಿ, ಅದೇ ಕೈ, ಈ ಸಲ ಉಗುರಿಗೆ ಬಣ್ಣ! ಹನುಮಮ್ಮ ಬಾಗಿಲ ಪರದೆ ಸರಿಸಿ ಸರಿಸಿ ನಮ್ಮ ಮುಖ ನೋಡುತ್ತಿದ್ದಳು. ವಿಭೂತಿ ತಟ್ಟೆ ಹಿಡಿದು ನಿಂತರೆ ಹೆಂಗಸರು ನಗುತ್ತಲೇ ದಾಟಿ ಹೋದರು. ಮಂಗಳವಾರದ ಹೊತ್ತಿಗೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಗುರುವಾರ ಮ್ಯಾಟಿನಿಗೆ ನಾನು ಅವಳಿಗಾಗಿಯೇ ಹೋದೆ. ಹೆಂಗಸರ ಕಡೆ ನಾವು ಹತ್ತೊಂಬತ್ತು ಜನ. ಬಾವಿಯಿಂದ ಕೈ ಬಂತು, ಎಲ್ಲರೂ ಗೊಳ್ಳೆಂದು ನಕ್ಕರು. ಹನುಮಮ್ಮ ತಡೆಯಲಾರದೆ ಒಳಗೆ ನುಗ್ಗಿ ನಮ್ಮೆದುರು ನಿಂತಳು.

"ನಗ್ತೀರೇನ್ರೇ? ದೆವ್ವ ಕಣ್ರೇ ಅದು! ಹೆದ್ರುಕೊಳ್ರೇ!" ಎಂದು ಗದರಿದಳು. ಆಮೇಲೆ ದನಿ ಬಿದ್ದುಹೋಯಿತು. "ಕೈ ಮುಗೀತೀನಿ ಕಣ್ರವ್ವಾ, ಒಂದ್ಸಲ ಹೆದ್ರುಕೊಳ್ರಿ. ನನ್ನ ಗೇಟು ಹೋಯ್ತದೆ."

ನಗು ನಿಂತಿತು. ಮೊದಲು ಕಿರುಚಿದ್ದು ನಾನೇ. ಪಕ್ಕದ ಮುನಿಯಮ್ಮ ಕಿರುಚಿದಳು, ಆಮೇಲೆ ಎಲ್ಲರೂ. ತೆರೆಯ ಮೇಲೆ ನಾಯಕ ಕಾಫಿ ಕುಡಿಯುತ್ತಿದ್ದರೂ ಬಿಡದೆ ಗಂಟಲು ಹರಿಯುವಂತೆ ಕಿರುಚಿದೆವು.

ಜಯದೇವಪ್ಪ ಬಾಗಿಲು ತಳ್ಳಿಕೊಂಡು ಓಡಿಬಂದರು. ಅಷ್ಟು ಸಂತೋಷ ಅವರ ಮುಖದಲ್ಲಿ ನಾನು ಕಂಡೇ ಇರಲಿಲ್ಲ.

"ರೋಡಿಗೆ ಕೇಳ್ತು ಹನುಮಮ್ಮ! ಹೆದ್ರುಕೊಂಡ್ರಾ?"

ಹೂಂ ಅನ್ನೇ ಮಾರಾಯ್ತಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ನಮ್ಮ ಕಡೆ ತಿರುಗಿ ಒಬ್ಬೊಬ್ಬರನ್ನೂ ನೋಡಿದಳು.

"ಇಲ್ಲ ಸಾವ್ಕಾರ್ರೇ," ಎಂದಳು. "ಪಾಪ, ನನಗೋಸ್ಕರ ಕಿರುಚ್ತಾವ್ರೆ."

ಹಾಗಂದಳಲ್ಲ ಎಂದು ಅವಳ ಮೇಲೆ ಬಂದ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಸೋಮವಾರ ಕೊಬ್ಬರಿ ಮೂಟೆಗಳು ಬಂದಾಗ ಹೆಂಗಸರ ಗೇಟಿನ ಬೀಗ ತೆಗೆದುಕೊಟ್ಟವಳೂ ಅವಳೇ.